ಮಂಡಿನೋವಿಗೆ ‘ಮನಸ್ಸನ್ನೂ ನೋಡಿಕೊಳ್ಳಿ’ ಅಂದರು ಡಾಕ್ಟರ್. ಹೀಗೆ ಮಾಡಿ ಗುಣ ಕಂಡವರು ಯಾರಾದರೂ ಇದ್ದೀರಾ?

ಸೆಂಟ್ರಲ್ ಲೈನ್ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಈ ಸಲ ಕೇಳಲೇಬೇಕು ಅನ್ನಿಸಿತು.

ವಯಸ್ಸು ಐವತ್ತು ದಾಟಿದೆ. ಡೊಂಬಿವಲಿಯಲ್ಲಿ ಮನೆ, ಮುಂಬೈನ ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ಬಲಗಾಲಿನ ಮಂಡಿ ನೋವು ಶುರುವಾಗಿ ಒಂದೆರಡು ವರ್ಷ ಆಯಿತು. ಬಿದ್ದಿಲ್ಲ, ಪೆಟ್ಟಾಗಿಲ್ಲ. ಎಕ್ಸ್‌ರೇಯಲ್ಲಿ ಸ್ವಲ್ಪ ಸವೆತ ಅಂದರು. ಎಂಆರ್‌ಐಯಲ್ಲಿ ಮೆನಿಸ್ಕಸ್, ಅಂದರೆ ಮಂಡಿಯೊಳಗಿನ ಮೆತ್ತೆಯಂಥ ಮೃದು ಎಲುಬು, ಸ್ವಲ್ಪ ಹರಿದಿದೆ ಅಂತ ಬಂತು. ರಕ್ತ ಪರೀಕ್ಷೆ ಎಲ್ಲಾ ಸರಿ ಇದೆ. ‘ಸರ್ಜರಿ ಬೇಡ, ವಯಸ್ಸಿಗೆ ತಕ್ಕ ಮಂಡಿ’ ಅಂದರು. ಹಾಗಾದರೆ ಇಷ್ಟು ನೋವು ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಮಾತ್ರೆ, ಬೆಲ್ಟ್, ಬಿಸಿನೀರಿನ ಚೀಲ ಎಲ್ಲಾ ಆಯಿತು.

ಈ ನೋವಿಗೆ ಒಂದು ಲೆಕ್ಕ ಅಂತ ಇಲ್ಲ. ಮಗಳ ಮದುವೆಯಲ್ಲಿ ದಿನಪೂರ್ತಿ ನಿಂತೇ ಇದ್ದೆ, ಮೆಹಂದಿ ದಿನ ಕುಣಿದೆ ಕೂಡ. ಮಂಡಿ ತೆಪ್ಪಗಿತ್ತು. ಅತ್ತೆ ಆಸ್ಪತ್ರೆ ಸೇರಿದ ವಾರ ಬಾತ್‌ರೂಮಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಮಾರ್ಚ್ ಕ್ಲೋಸಿಂಗ್ ಬಂದರಂತೂ ಕೇಳಲೇಬೇಡಿ.

ಈಗ ನೋಡಿದ ಡಾಕ್ಟರ್ ಅಂದದ್ದು: ‘ನಿಮ್ಮ ನೋವು ನಿಜ. ಆದರೆ ಮಂಡಿ ಒಂದೇ ಕಾರಣ ಅಲ್ಲ. ನರಗಳು ಅತಿ ಸೂಕ್ಷ್ಮ ಆಗಿಬಿಟ್ಟಿವೆ. ವ್ಯಾಯಾಮದ ಜೊತೆಗೆ ಉಸಿರಾಟ, ಮೈಯನ್ನು ಗಮನಿಸುವ ಅಭ್ಯಾಸ ಮಾಡಿ. ನೋವು ಯಾವಾಗ ಬರುತ್ತೆ ಅಂತ ಬರೆದಿಡಿ.’ ಮನೆಗೆ ಬಂದು ಹೇಳಿದರೆ ನಮ್ಮೆಜಮಾನರು ಟಿವಿಯಿಂದ ಕಣ್ಣು ತೆಗೆಯದೆ, ‘ಅಂದರೆ ಏನೂ ಇಲ್ಲ ಅಂತ ತಾನೆ?’ ಅಂದರು.

ಏನೂ ಇಲ್ಲ ಅಂದಮೇಲೆ ರೈಲ್ವೆ ಸೇತುವೆಯ ಮೆಟ್ಟಿಲು ಇಳಿಯುವಾಗ ಕಣ್ಣಲ್ಲಿ ನೀರು ಯಾಕೆ ಬರಬೇಕು? ಯಾರಾದರೂ ಈ ದಾರಿ ಹಿಡಿದಿದ್ದರೆ ಹೇಳಿ.

ಎಣ್ಣೆ ಮಾಮ

ಮಹಾನಾರಾಯಣ ತೈಲ. ರಾತ್ರಿ ಬೆಚ್ಚಗೆ ಮಾಡಿ ಹಚ್ಚಿ, ಮೇಲೆ ಎಕ್ಕದ ಎಲೆ ಕಟ್ಟಿಕೊಂಡು ಮಲಗಿ. ವಾರದಲ್ಲಿ ಓಡುತ್ತೀರಿ.

ಥಾಣೆ ತರ್ಕ

ಅಕ್ಕಾ, ಬೇರೆ ಡಾಕ್ಟರ್‌ನ ನೋಡಿ. ಕಾರಣ ಸಿಗದೇ ಇದ್ದಾಗ ‘ಮನಸ್ಸು’ ಅಂತ ಜಾರಿಕೊಳ್ಳುವುದು ಹಳೇ ಚಾಳಿ. ರೋಗಿ ಹೆಂಗಸಾದರೆ ಇನ್ನೂ ಬೇಗ. ನನ್ನ ತಂಗಿಗೆ ವರ್ಷಗಟ್ಟಲೆ ‘ಟೆನ್ಶನ್ ಮಾಡ್ಕೋಬೇಡಮ್ಮ’ ಅಂತ ಹೇಳಿ ಕಳಿಸಿದರು. ಕೊನೆಗೆ ಒಬ್ಬರು ಸರಿಯಾಗಿ ನೋಡಿದಾಗ ರುಮಟಾಯ್ಡ್ ಸಂಧಿವಾತ ಅಂತ ಗೊತ್ತಾಯಿತು. ಅಷ್ಟು ಹೊತ್ತಿಗೆ ಕೈಬೆರಳು ಸೊಟ್ಟಗಾಗಿದ್ದವು. ಆಮೇಲಿಂದ ನನಗೆ ಈ ‘ಮೈಂಡ್-ಬಾಡಿ’ ಅನ್ನುವ ಮಾತು ಕೇಳಿದರೆ ಮೈ ಉರಿಯುತ್ತೆ.

ಚೌಥೀ ಸೀಟ್

ನಿಮ್ಮೆಜಮಾನರ ಮಾತು ಓದಿ ನನ್ನ ಮಂಡಿಯೂ ನೋಯಿತು.

ಫಿಸಿಯೊ ಬೋರಿವಲಿ

ನಾನು ಫಿಸಿಯೊಥೆರಪಿಸ್ಟ್, ದಿನಾ ನೋಡುವುದೇ ಮಂಡಿಗಳನ್ನು. ಮೊದಲು ತರ್ಕ ಅವರ ಮಾತು ಒಪ್ಪುತ್ತೇನೆ. ಮಂಡಿ ಬಿಸಿಯಾಗಿ ಊದಿದ್ದರೆ, ಜ್ವರ ಇದ್ದರೆ, ಬೆಳಿಗ್ಗೆ ಕೀಲುಗಳು ತುಂಬಾ ಹೊತ್ತು ಬಿಗಿದೇ ಇದ್ದರೆ, ಮಂಡಿ ನಡುವೆ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ಕಾಲೂರಲು ಆಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅದಕ್ಕೆ ಉಸಿರಾಟ ಮದ್ದಲ್ಲ. ತಡ ಮಾಡದೆ ತೋರಿಸಬೇಕು.

ಅಕ್ಕನದು ಆ ಥರ ಕಾಣುತ್ತಿಲ್ಲ. ಎಂಆರ್‌ಐ ರಿಪೋರ್ಟ್ ನೋಡಿ ಹೆದರುವವರಿಗೆ ನಾನು ಯಾವಾಗಲೂ ಹೇಳುವ ವಿಷಯ ಒಂದಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಲ್ಲಿ 50 ದಾಟಿದ 991 ಜನರ ಮಂಡಿಗೆ ಎಂಆರ್‌ಐ ಮಾಡಿದರು. ಫಲಿತಾಂಶ ಪ್ರಕಟವಾದದ್ದು 2008ರಲ್ಲಿ. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ. 61 ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ! ಅಂದರೆ ಹರುಕು ಇದ್ದ ಮಾತ್ರಕ್ಕೆ ನೋವು ಇರಬೇಕೆಂದಿಲ್ಲ. ನೋವಿದ್ದರೆ ಅದಕ್ಕೆ ಆ ಹರುಕೇ ಕಾರಣ ಅಂತಲೂ ಹೇಳಲಾಗದು.

ಹಾಗಾದರೆ ನೋವು ಎಲ್ಲಿಂದ? ಮಂಡಿಯ ನರ ಕಳಿಸುವುದು ಸುದ್ದಿ. ಅದನ್ನು ನೋವು ಅಂತ ಜೋರು ಮಾಡಬೇಕಾ, ಸಣ್ಣ ಮಾಡಬೇಕಾ ಅನ್ನುವುದು ಬೆನ್ನುಹುರಿ ಮತ್ತು ಮಿದುಳಿನ ಕೆಲಸ. ನೋವು ತಿಂಗಳುಗಟ್ಟಲೆ ಉಳಿದರೆ ಈ ವ್ಯವಸ್ಥೆ ಅತಿ ಸೂಕ್ಷ್ಮವಾಗುತ್ತೆ. ಸೊಸೈಟಿಯಲ್ಲಿ ಬೆಕ್ಕು ಹಾರಿದರೂ ಹೊಡೆದುಕೊಳ್ಳುವ ಕಾರಿನ ಅಲಾರಂ ಇರುತ್ತಲ್ಲ, ಹಾಗೆ. ಸದ್ದು ನಿಜ, ನಿದ್ದೆ ಕೆಡುವುದೂ ನಿಜ. ಕಳ್ಳ ಮಾತ್ರ ಇಲ್ಲ. ನಿದ್ದೆ ಇಲ್ಲದಿದ್ದರೆ, ಚಿಂತೆ ಇದ್ದರೆ, ‘ಮಂಡಿ ಹೋಯಿತು’ ಅನ್ನುವ ಹೆದರಿಕೆ ಇದ್ದರೆ ಅಲಾರಂ ಇನ್ನಷ್ಟು ಸೂಕ್ಷ್ಮ. ಡಾಕ್ಟರ್ ಹೇಳಿದ್ದು ಇದನ್ನೇ. ‘ಏನೂ ಇಲ್ಲ’ ಅಂತ ಅಲ್ಲ. ಯಜಮಾನರಿಗೆ ಓದಿ ಹೇಳಿ.

ಮತ್ತೆ ಎಣ್ಣೆ ಮಾಮ, ಎಣ್ಣೆ ಹಚ್ಚಿಕೊಳ್ಳಲಿ, ತೊಂದರೆ ಇಲ್ಲ. ಎಕ್ಕದ ಹಾಲು ಚರ್ಮ ಸುಡುತ್ತೆ, ಕಣ್ಣಿಗೆ ತಾಗಿದರೆ ದೊಡ್ಡ ಅಪಾಯ. ಅದನ್ನು ಹೇಳಿಕೊಡಬೇಡಿ.

ಎಣ್ಣೆ ಮಾಮ

ನಮ್ಮಜ್ಜಿ ಕಟ್ಟುತ್ತಿದ್ದರು. ಅವರ ಕಣ್ಣೂ ಚೆನ್ನಾಗಿತ್ತು, ಮಂಡಿಯೂ ಚೆನ್ನಾಗಿತ್ತು.

ಚೌಥೀ ಸೀಟ್

ನಿಮ್ಮಜ್ಜಿ ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ನಿಗೆ ರೈಲಿನಲ್ಲಿ ನಿಂತುಕೊಂಡು ಹೋಗುತ್ತಿರಲಿಲ್ಲ ಮಾಮ.

ಕೊಥ್ರೂಡ್ ಕಾಕಾ

ಏನ್ರೀ ಇದು, ಮುಂಬೈ-ಪುಣೆಯಲ್ಲಿ ಕೂತು ಅಮೆರಿಕದ ಮಾತಾಡ್ತೀರಿ! ಯೋಗದ ಹೆಸರು ಯಾರೂ ಎತ್ತಲಿಲ್ಲ. ಬಿ.ಕೆ.ಎಸ್. ಅಯ್ಯಂಗಾರ್ ಅವರು ಕೋಲಾರ ಜಿಲ್ಲೆಯ ಬೆಳ್ಳೂರಿನವರು, ನಮ್ಮವರು. 1937ರಲ್ಲಿ ಪುಣೆಗೆ ಬಂದವರು 2014ರಲ್ಲಿ ತೀರಿಕೊಳ್ಳುವ ತನಕ ಇಲ್ಲೇ ಕಲಿಸಿದರು. 1975ರಲ್ಲಿ ಶುರುವಾದ ಅವರ ಸಂಸ್ಥೆ ಇವತ್ತಿಗೂ ಇಲ್ಲೇ ಇದೆ. ಬೆಲ್ಟು, ಇಟ್ಟಿಗೆಯಂಥ ಮರದ ತುಂಡು, ದಿಂಬು, ಕುರ್ಚಿ, ಗೋಡೆಯ ಹಗ್ಗ ಇವನ್ನೆಲ್ಲ ಆಸನಕ್ಕೆ ತಂದವರು ಅವರು. ಬಗ್ಗದ ಮೈಯವರೂ ಮಾಡಬೇಕು ಅಂತ.

ನಾನು ಆ ಪದ್ಧತಿಯ ಒಂದು ಕ್ಲಾಸಿಗೆ ಹೋಗುತ್ತೇನೆ. ಮೊದಲ ದಿನ ಮೇಡಂ ನನಗೆ ಯಾವ ಆಸನವನ್ನೂ ಮಾಡಿಸಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ‘ಎಡಗಾಲಿನ ಮೇಲೆ ಎಷ್ಟು ಭಾರ ಇದೆ, ಬಲಗಾಲಿನ ಮೇಲೆ ಎಷ್ಟು?’ ಅಂತ ಕೇಳಿದರು. ನೋಡಿದರೆ ನೋವಿದ್ದ ಕಾಲಿನ ಮೇಲೆ ನಾನು ಭಾರವನ್ನೇ ಹಾಕುತ್ತಿರಲಿಲ್ಲ. ಹೆಬ್ಬೆರಳು ನೆಲ ಬಿಟ್ಟು ಮೇಲೆದ್ದಿತ್ತು, ಹಲ್ಲು ಕಚ್ಚಿದ್ದೆ. ಅಷ್ಟೂ ದಿನ ಹಾಗೇ ನಿಂತಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಈಗ ಇಲ್ಲಿನ ಪರ್ವತಿ ಬೆಟ್ಟದ 103 ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಇಳಿಯುವಾಗ ನಿಧಾನ.

ಥಾಣೆ ತರ್ಕ

ಕಾಕಾ, ಅದು ಮನಸ್ಸಲ್ಲ, ವ್ಯಾಯಾಮ. ನಿಂತುಕೊಳ್ಳುವ ರೀತಿ ಸರಿಮಾಡಿದರು, ತೊಡೆಗೆ ಬಲ ಬಂತು, ನೋವು ಇಳಿಯಿತು. ಇದರಲ್ಲಿ ಮೈಂಡ್ ಎಲ್ಲಿಂದ ಬಂತು?

ಕೊಥ್ರೂಡ್ ಕಾಕಾ

ಕಚ್ಚಿದ್ದ ಹಲ್ಲು ಬಿಡು ಅಂತ ತೊಡೆ ಹೇಳ್ತೇನ್ರೀ?

ವಾಸ್ಕೊ ವಾಸಿ

ಗೋವಾದಿಂದ ನಮಸ್ಕಾರ. ನನ್ನ ಗುರು ಡಾ. ಜಾನ್ ಸಾರ್ನೊ. ನ್ಯೂಯಾರ್ಕಿನ ಡಾಕ್ಟರ್, 2017ರಲ್ಲಿ ತೀರಿಕೊಂಡರು. ಅದುಮಿಟ್ಟ ಸಿಟ್ಟು, ದುಃಖ ಇವೇ ಮೈನೋವಾಗಿ ಹೊರಗೆ ಬರುತ್ತವೆ ಅನ್ನುವುದು ಅವರ ವಾದ. ಅವರು ಬರೆದದ್ದು ಬೆನ್ನುನೋವಿನ ಬಗ್ಗೆ ಜಾಸ್ತಿ, ಆದರೆ ಮಂಡಿಗೂ ಅದೇ ಮಾತು. ಅಕ್ಕಾ, ನೀವು ಬರೆದದ್ದು ಓದಿದರೆ ಪಕ್ಕಾ ಅದೇ ಕೇಸ್. ಮದುವೆಯಲ್ಲಿ ನೋವಿಲ್ಲ, ಅತ್ತೆ ಆಸ್ಪತ್ರೆಯಲ್ಲಿದ್ದಾಗ ನೋವು! ಬೆಲ್ಟ್, ವ್ಯಾಯಾಮ ಎಲ್ಲಾ ಬಿಡಿ. ಯಾರ ಮೇಲೆ ಸಿಟ್ಟಿದೆ ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ನಾನು ಹಾಗೇ ಮಾಡಿದೆ, ನೋವು ಹೋಯಿತು.

ಸೆಂಟ್ರಲ್ ಲೈನ್ ಅಕ್ಕ

ಯಾರ ಮೇಲೆ ಸಿಟ್ಟಿದೆ ಅಂತ ಬರೆಯಲು ಶುರುಮಾಡಿದರೆ ಒಂದು ಪುಸ್ತಕ ಸಾಲದು. ಮನೆಯಲ್ಲಿ ಯಾರಿಗಾದರೂ ಸಿಕ್ಕಿದರೆ ಮಂಡಿ ಜೊತೆ ಸಂಸಾರವೂ ಹೋದೀತು!

ಥಾಣೆ ತರ್ಕ

ಸಾರ್ನೊ ಹೇಳಿದ ಆ ರೋಗವನ್ನು ಮುಖ್ಯವಾಹಿನಿಯ ವೈದ್ಯರು ಒಪ್ಪಿಲ್ಲ. ಪುಸ್ತಕ ಓದಿ ಗುಣ ಆದವರು ಎದ್ದು ಬಂದು ಹೇಳುತ್ತಾರೆ. ಓದಿಯೂ ಗುಣ ಆಗದವರು ಯಾರಿಗೆ ಹೇಳುತ್ತಾರೆ? ‘ನಿನ್ನ ಸಿಟ್ಟನ್ನು ನೀನು ಸರಿಯಾಗಿ ಹುಡುಕಲಿಲ್ಲ’ ಅಂತ ಮತ್ತೆ ಅವರ ತಲೆಗೇ ಕಟ್ಟುತ್ತಾರೆ. ಎಂಥ ಅನುಕೂಲ ನೋಡಿ!

ಫಿಸಿಯೊ ಬೋರಿವಲಿ

ಇಬ್ಬರಿಗೂ ಸ್ವಲ್ಪ ಸ್ವಲ್ಪ. ವಾಸ್ಕೊ ಅವರೇ, ವ್ಯಾಯಾಮ ಬಿಡಿ ಅಂತ ದಯವಿಟ್ಟು ಹೇಳಬೇಡಿ. ಮಂಡಿ ಸವೆತಕ್ಕೆ ಗಟ್ಟಿ ಆಧಾರ ಇರುವುದೇ ವ್ಯಾಯಾಮಕ್ಕೆ ಮತ್ತು ತೂಕ ಜಾಸ್ತಿ ಇದ್ದವರಲ್ಲಿ ತೂಕ ಇಳಿಸುವುದಕ್ಕೆ.

ತರ್ಕ ಅವರೇ, ಆಧಾರವೇ ಇಲ್ಲ ಅನ್ನುವುದೂ ಸರಿಯಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಬಹುಕಾಲದ ಬೆನ್ನುನೋವಿದ್ದ 151 ಜನರ ಮೇಲೆ ಒಂದು ಅಧ್ಯಯನ ಆಯಿತು, 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ‘ಈ ನೋವು ಅಪಾಯದ ಸೂಚನೆ ಅಲ್ಲ’ ಅಂತ ಮಿದುಳಿಗೆ ಹೊಸದಾಗಿ ಕಲಿಸುವ ಚಿಕಿತ್ಸೆ ಕೊಟ್ಟರು. ಆ ಗುಂಪಿನಲ್ಲಿ ಶೇ. 66 ಜನರಿಗೆ ನೋವು ಪೂರ್ತಿ ಅಥವಾ ಬಹುತೇಕ ಹೋಯಿತು. ಸುಳ್ಳು ಇಂಜೆಕ್ಷನ್ ಕೊಟ್ಟ ಗುಂಪಿನಲ್ಲಿ ಶೇ. 20, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 10. ಆದರೆ ಅದು ಬೆನ್ನು, ಮಂಡಿ ಅಲ್ಲ. ನೋವಿಗೆ ಬೇರೆ ಸ್ಪಷ್ಟ ಕಾರಣ ಕಾಣದವರನ್ನೇ ತೆಗೆದುಕೊಂಡಿದ್ದರು. ಅದನ್ನು ತಂದು ಎಲ್ಲಾ ಮಂಡಿಗೂ ಅಂಟಿಸಬಾರದು.

ಮಂಡಿಯದೇ ಬೇಕಾದರೆ ಬಾಸ್ಟನ್ನಿನಲ್ಲಿ ತೈ ಚಿ ನೋಡಿದ್ದಾರೆ, 2016ರಲ್ಲಿ ಪ್ರಕಟ. ನಿಧಾನವಾಗಿ, ಉಸಿರಿನ ಮೇಲೆ ಗಮನ ಇಟ್ಟು ಮಾಡುವ ಚೀನೀ ವ್ಯಾಯಾಮ ಅದು. ಮಂಡಿ ಸವೆತದ 204 ಜನರಲ್ಲಿ ತೈ ಚಿ ಮಾಡಿದವರಿಗೂ ಫಿಸಿಯೊಥೆರಪಿ ಮಾಡಿದವರಿಗೂ ನೋವು ಹೆಚ್ಚುಕಡಿಮೆ ಒಂದೇ ಥರ ಇಳಿಯಿತು. ಫಿಸಿಯೊ ಆಗಿ ನಾನು ಇದನ್ನು ಹೇಳಬಾರದು, ಹೊಟ್ಟೆಪಾಡು.

ಥಾಣೆ ತರ್ಕ

ಇದು ಒಳ್ಳೆ ಮಾಹಿತಿ. ಆದರೂ ತೈ ಚಿ ಅಂದರೆ ಮಂಡಿ ಬಗ್ಗಿಸಿ ನಿಧಾನ ಚಲಿಸುವುದು ತಾನೆ? ಮತ್ತೆ ತೊಡೆಗೇ ಬಂತು.

ಮುಲುಂಡ್ ಮೌಶಿ

ನೀವಿಬ್ಬರೂ ತೊಡೆ-ತಲೆ ಅಂತ ಜಗಳ ಆಡುತ್ತಾ ಇರಿ. ಸ್ಟೇಷನ್ನಿನ ಎಸ್ಕಲೇಟರ್ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ಕಡೆ ಹತ್ತುವುದಕ್ಕೆ ಎಸ್ಕಲೇಟರ್, ಇಳಿಯುವುದಕ್ಕೆ ಮೆಟ್ಟಿಲು. ನೋಯುವುದೇ ಇಳಿಯುವಾಗ! ಇದನ್ನು ಯೋಚಿಸಿದ ಮಹಾನುಭಾವನಿಗೆ ಮಂಡಿಯೇ ಇರಲಿಕ್ಕಿಲ್ಲ.

ಚೌಥೀ ಸೀಟ್

ಮೌಶಿ, ಅದಕ್ಕಿಂತ ದೊಡ್ಡ ಕತೆ ನಮ್ಮ ಸಂಘದ ಹಾಲ್. ಮೊದಲ ಮಹಡಿ, ಲಿಫ್ಟ್ ಇಲ್ಲ. ಹಿರಿಯರ ಆರೋಗ್ಯ ಶಿಬಿರ ಅಲ್ಲೇ ಮಾಡಿದರು. ಮೇಲೆ ಹತ್ತಿ ಬಂದವರೆಲ್ಲ ಆರೋಗ್ಯವಂತರು, ತಪಾಸಣೆ ಬೇಡ ಅಂದರೆ ಆಗಿಹೋಗುತ್ತಿತ್ತು.

ಮೇಲ್ವಿಚಾರಕರು

ಸಂಘ, ಹಾಲ್, ಚುನಾವಣೆ ಇಲ್ಲಿ ಬೇಡ. ಮಂಡಿಗೆ ಬನ್ನಿ.

ವಾಶಿ ಹೋಟೆಲ್

ನಾನು ಉಡುಪಿ ಕಡೆಯವ, ವಾಶಿಯಲ್ಲಿ ಸಣ್ಣ ಹೋಟೆಲ್. ಓದುತ್ತಾ ಇದ್ದೆ, ಒಂದು ಮಾತು. ನಮ್ಮಲ್ಲಿ ಸಪ್ಲೈ ಮಾಡುವವರು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುತ್ತಾರೆ. ವಯಸ್ಸಾದ ಒಬ್ಬರಿಗೆ ಎರಡೂ ಮಂಡಿ ನೋವು. ಅವರಿಗೆ ಹೋಗಿ ‘ಕಣ್ಣು ಮುಚ್ಚಿ ಮಂಡಿಯನ್ನು ಗಮನಿಸಿ’ ಅಂದರೆ ‘ಧಣಿ, ಏಳನೇ ಟೇಬಲ್‌ನವರು ದೋಸೆಗೆ ಕಾಯುತ್ತಾ ಇದ್ದಾರೆ’ ಅನ್ನುತ್ತಾರೆ. ಇದೆಲ್ಲ ಪುರುಸೊತ್ತು ಇರುವವರ ಚಿಕಿತ್ಸೆ ಅಲ್ವಾ?

ವಾಸ್ಕೊ ವಾಸಿ

ನೋವು ಎಲ್ಲರಿಗೂ ಒಂದೇ ಅಣ್ಣ. ಬೈನಾ ಕಡೆ ನಮ್ಮ ಉತ್ತರ ಕರ್ನಾಟಕದ ಕೂಲಿ ಜನ ಎಷ್ಟಿದ್ದಾರೆ, ಅವರಿಗೂ ಮನಸ್ಸಿದೆ.

ವಾಶಿ ಹೋಟೆಲ್

ಮನಸ್ಸಿಲ್ಲ ಅಂದೆನಾ? ಸಂಬಳದ ಜೊತೆ ರಜೆ ಇಲ್ಲ ಅಂದೆ.

ಫಿಸಿಯೊ ಬೋರಿವಲಿ

ಹೋಟೆಲ್ ಅಣ್ಣ ಹೇಳಿದ್ದು ತುಂಬಾ ಸರಿ. ದಿನಕ್ಕೆ ಹತ್ತು ಗಂಟೆ ನಿಲ್ಲುವವರಿಗೆ ಮೊದಲು ಕೂರಲು ಜಾಗ ಬೇಕು, ಆಮೇಲೆ ಧ್ಯಾನ. ಮನಸ್ಸಿನ ಮಾತು ಹೇಳಿ ಕೆಲಸದ ಹೊರೆ ಮುಚ್ಚಿಹಾಕಬಾರದು.

ಇಗತ್‌ಪುರಿ ರಿಟರ್ನ್

ನಾನು ಹತ್ತು ದಿನದ ವಿಪಶ್ಯನಾ ಧ್ಯಾನ ಶಿಬಿರ ಮಾಡಿದ್ದೇನೆ. ಮಾತಿಲ್ಲ, ಫೋನಿಲ್ಲ. ಬೆಳಿಗ್ಗೆ 4 ಗಂಟೆಗೆ ಗಂಟೆ ಬಾರಿಸುತ್ತಾರೆ. ನಡುವಿನಿಂದ ಮುಂದೆ ಒಂದೊಂದು ಗಂಟೆ ಅಲುಗಾಡದೆ ಕೂರುವ ಹೊತ್ತು ಬರುತ್ತೆ. ಆಗ ಮಂಡಿ ಬಿಟ್ಟು ಜಗತ್ತಿನಲ್ಲಿ ಬೇರೇನೂ ಇಲ್ಲ ಅನ್ನಿಸುತ್ತೆ. ಹಾಗೇ ನೋಡುತ್ತಾ ಕೂತೆ. ‘ನೋವು’ ಅಂತ ಒಂದೇ ಮುದ್ದೆಯಾಗಿದ್ದದ್ದು ಬಿಡಿಬಿಡಿಯಾಯಿತು. ಒಂದು ಕಡೆ ಉರಿ, ಒಂದು ಕಡೆ ಮಿಡಿತ, ಮಂಡಿಯ ಹಿಂದೆ ಬರೀ ಬಿಗಿತ. ಮಧ್ಯೆ ಒಂದೊಂದು ಕ್ಷಣ ಏನೂ ಇಲ್ಲ. ಎದ್ದ ಮೇಲೆ ನೋವು ಹೋಗಿರಲಿಲ್ಲ. ಅದರ ಮೇಲಿದ್ದ ಭಯ ಮಾತ್ರ ಅರ್ಧಕ್ಕರ್ಧ ಇಳಿದಿತ್ತು.

ಆದರೆ ಮಂಡಿನೋವಿಗೆ ಅಂತಲೇ ಅಲ್ಲಿಗೆ ಹೋಗಬೇಡಿ. ಹೋದರೆ ಮೊದಲೇ ಹೇಳಿ ಕುರ್ಚಿ ಕೇಳಿ, ಕೊಡುತ್ತಾರೆ.

ಚೌಥೀ ಸೀಟ್

ಹತ್ತು ದಿನ ಮಾತಾಡದೆ ಇರಬೇಕಾ? ನನಗೆ ಮಂಡಿನೋವೇ ಇರಲಿ.

ಫಿಸಿಯೊ ಬೋರಿವಲಿ

ಇಗತ್‌ಪುರಿ ಅವರು ಹೇಳಿದ್ದರ ಸಣ್ಣ ರೂಪ ಮನೆಯಲ್ಲೇ ಮಾಡಬಹುದು. ಜಾನ್ ಕಬಟ್-ಝಿನ್ ಅನ್ನುವವರು 1979ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವಾರಗಳ ಕಾರ್ಯಕ್ರಮ ಶುರುಮಾಡಿದರು. ಬಂದವರಲ್ಲಿ ಬೇರೆ ಚಿಕಿತ್ಸೆಯಿಂದ ನೋವು ಹೋಗದವರು ಎಷ್ಟೋ ಜನ. ಮಲಗಿಕೊಂಡು ಪಾದದಿಂದ ತಲೆಯವರೆಗೆ ಒಂದೊಂದೇ ಭಾಗದ ಮೇಲೆ ಗಮನ ತರುವುದು ಅದರ ಮುಖ್ಯ ಅಭ್ಯಾಸ. ನಮ್ಮ ಯೋಗನಿದ್ರೆ ಮಾಡಿದವರಿಗೆ ಹೊಸದೇನಲ್ಲ.

ಅಕ್ಕಾ, ನೀವು ಇಷ್ಟು ಮಾಡಿ. ರಾತ್ರಿ ಮಂಚದ ಮೇಲೆ ಮಲಗಿ, ಮಂಡಿ ಕೆಳಗೆ ಸುತ್ತಿದ ಟವೆಲ್. ಮೊದಲು ನೋವಿಲ್ಲದ ಎಡ ಮಂಡಿಯನ್ನು ಗಮನಿಸಿ. ಬೆಚ್ಚಗಿದೆಯಾ, ಬಟ್ಟೆ ತಾಗುತ್ತಿದೆಯಾ? ಆಮೇಲೆ ಬಲಕ್ಕೆ ಬನ್ನಿ. ನೋವನ್ನು ಓಡಿಸಲು ಹೋಗಬೇಡಿ. ಅದು ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅಂತ ನೋಡಿ ಸಾಕು. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಸ್ವಲ್ಪ ಉದ್ದ ಇರಲಿ. ನಿದ್ದೆ ಬಂದರೆ ಬರಲಿ, ನಿದ್ದೆಯೂ ನೋವಿಗೆ ಮದ್ದೇ.

ಹಗಲು ತೊಡೆಗೆ ಕೆಲಸ. ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನ ಕೂರುವುದು. ಕಾಲು ನೆಟ್ಟಗೆ ಎತ್ತಿ ಹಿಡಿಯುವುದು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮಾರನೆಯ ದಿನಕ್ಕೆ ಅದು ಮಾಮೂಲಿಗೆ ಬಂದಿದ್ದರೆ ಸರಿ ಇದೆ, ಬರದಿದ್ದರೆ ಅರ್ಧ ಮಾಡಿ. ನೋವಿಲ್ಲದ ದಿನ ಮನೆಯೆಲ್ಲಾ ತೊಳೆದು ಮರುದಿನ ಮಲಗಿಬಿಡುವುದಿದೆಯಲ್ಲ, ಅದು ಬೇಡ.

ಸೇತುವೆಯಲ್ಲಿ ಹತ್ತುವಾಗ ನೋವಿಲ್ಲದ ಕಾಲು ಮುಂದೆ, ಇಳಿಯುವಾಗ ನೋವಿರುವ ಕಾಲು ಮುಂದೆ. ಕಂಬಿ ಹಿಡಿಯಿರಿ.

ಸೆಂಟ್ರಲ್ ಲೈನ್ ಅಕ್ಕ

ತುಂಬಾ ಥ್ಯಾಂಕ್ಸ್. ಕೆಲವು ವಾರ ಬಿಟ್ಟು ಬರೆಯುತ್ತಿದ್ದೇನೆ.

ಪುಸ್ತಕದ ಬದಲು ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರ್‌ನಲ್ಲೇ ನೋವಿಗೆ ಹತ್ತರಲ್ಲಿ ಎಷ್ಟು ಅಂತ ಬರೆದೆ. ಹಾಲಿನ ಲೆಕ್ಕದ ಪಕ್ಕದಲ್ಲಿ, ಕೆಂಪು ಪೆನ್ನಿನಲ್ಲಿ. ಅಮಾವಾಸ್ಯೆಗೆ ನೋವು ಏರುತ್ತೆ ಅನ್ನುವುದು ಅತ್ತೆಯ ವಾದ, ಹಾಗೇನೂ ಕಾಣಲಿಲ್ಲ. ಮಳೆ ಬಂದ ದಿನ ಅಂತಲೂ ಇಲ್ಲ. ಏಳು ಎಂಟು ಅಂತ ಬರೆದ ಮನೆಗಳೆಲ್ಲ ಭಾನುವಾರ! ರೈಲು ಹತ್ತದ, ಸೇತುವೆ ದಾಟದ ದಿನ. ಸಾಯಂಕಾಲ ಐದರ ಮೇಲೆ ಶುರು.

ಸೋಮವಾರದ ಆಫೀಸು ನೆನೆದರೇ ನನಗೆ ಹೊಟ್ಟೆ ತೊಳೆಸುತ್ತೆ, ಹೊಸ ಮ್ಯಾನೇಜರ್ ಹಾಗಿದ್ದಾರೆ. ಮಂಡಿಗೂ ಗೊತ್ತಾಗುತ್ತೋ ಏನೋ.

ವಾಸ್ಕೊ ವಾಸಿ

ಹೇಳಲಿಲ್ಲವಾ? ಹೇಳಲಿಲ್ಲವಾ?

ಥಾಣೆ ತರ್ಕ

ಒಂದು ನಿಮಿಷ. ಅಕ್ಕಾ, ಭಾನುವಾರ ಬೆಳಿಗ್ಗೆ ಏನು ಮಾಡುತ್ತೀರಿ?

ಸೆಂಟ್ರಲ್ ಲೈನ್ ಅಕ್ಕ

ಭಾನುವಾರ ಮನೆಕೆಲಸದ ಬಾಯಿ ಬರುವುದಿಲ್ಲ. ನೆಲ ಒರೆಸುತ್ತೇನೆ. ಕೋಲಿನ ಪೋಚಾ ನನಗೆ ಸಮಾಧಾನ ಆಗುವುದಿಲ್ಲ, ಕುಕ್ಕರುಗಾಲಲ್ಲಿ ಕೂತು ಬಟ್ಟೆಯಲ್ಲೇ. ಆಮೇಲೆ ನೆಲದ ಮೇಲೆ ಕೂತು ವಾರದ ತರಕಾರಿ ಬಿಡಿಸುವುದು.

ಥಾಣೆ ತರ್ಕ

ಮುಗಿಯಿತಲ್ಲ! ಮ್ಯಾನೇಜರ್ ಅಲ್ಲ, ಪೋಚಾ.

ಮುಲುಂಡ್ ಮೌಶಿ

ಎಜಮಾನರು ಭಾನುವಾರ ಏನು ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ, ನೋಡಿ.

ಫಿಸಿಯೊ ಬೋರಿವಲಿ

ಜಗಳ ಯಾಕೆ, ನೋಡಿಬಿಡೋಣ. ಮುಂದಿನ ಕೆಲವು ಭಾನುವಾರ ಅಕ್ಕ ನೆಲ ಒರೆಸುವುದು ಬೇಡ, ತರಕಾರಿ ಟೇಬಲ್ ಮೇಲೆ. ಉಳಿದದ್ದೆಲ್ಲ ಹಾಗೇ ಇರಲಿ. ಕ್ಯಾಲೆಂಡರ್ ಏನು ಹೇಳುತ್ತೆ ನೋಡಿ.

ಕೊಥ್ರೂಡ್ ಕಾಕಾ

ಈ ನಡುವೆ ಒಂದು ಪ್ರಶ್ನೆ. ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೈನ್ ಮಾತ್ರೆ ತಗೊಳ್ಳಬೇಕಾ ಬೇಡವಾ? ಮಗಳು ಸಿಂಗಾಪುರದಿಂದ ದೊಡ್ಡ ಡಬ್ಬಿ ತಂದಿದ್ದಾಳೆ.

ಥಾಣೆ ತರ್ಕ

2006ರಲ್ಲಿ ಅಮೆರಿಕದಲ್ಲಿ ಸುಮಾರು 1,600 ಜನರ ಮೇಲೆ ದೊಡ್ಡ ಪರೀಕ್ಷೆ ಆಯಿತು. ಒಟ್ಟಾರೆ ನೋಡಿದರೆ ಸುಳ್ಳು ಮಾತ್ರೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಡಬ್ಬಿ ಖಾಲಿ ಮಾಡಿ ಬೇಳೆ ತುಂಬಿಡಿ.

ಇಗತ್‌ಪುರಿ ರಿಟರ್ನ್

ತರ್ಕ ಅವರೇ, ಸುಳ್ಳು ಅಂದಿದ್ದಕ್ಕೆ ನೆನಪಾಯಿತು. ಸುಳ್ಳು ಮಂಡಿ ಸರ್ಜರಿ ಬಗ್ಗೆ ಗೊತ್ತಾ? ಹ್ಯೂಸ್ಟನ್ನಿನಲ್ಲಿ ಮಂಡಿ ಸವೆದ 180 ಜನರ ಮೇಲೆ ಮಾಡಿ 2002ರಲ್ಲಿ ಪ್ರಕಟಿಸಿದರು. ಕೆಲವರಿಗೆ ನಿಜವಾಗಿ ದುರ್ಬೀನು ಹಾಕಿ ಒಳಗೆ ತೊಳೆದರು, ಕೆರೆದರು. ಇನ್ನು ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿ ಕಳಿಸಿದರು. ಎರಡು ವರ್ಷ ನೋಡಿದರೂ ನಿಜವಾದ ಸರ್ಜರಿಯವರಿಗೆ ಹೆಚ್ಚು ಗುಣ ಅಂತ ಕಾಣಲಿಲ್ಲ.

ಥಾಣೆ ತರ್ಕ

ಗೊತ್ತು. ಅದರಿಂದ ತಿಳಿಯುವುದು ಆ ಸರ್ಜರಿ ಉಪಯೋಗಕ್ಕೆ ಬಾರದ್ದು ಅಂತ. ಮನಸ್ಸು ಮಂಡಿ ರಿಪೇರಿ ಮಾಡುತ್ತೆ ಅಂತ ಅಲ್ಲ.

ಇಗತ್‌ಪುರಿ ರಿಟರ್ನ್

ರಿಪೇರಿ ಅಂತ ನಾನೂ ಹೇಳಲಿಲ್ಲ. ಸವೆದದ್ದು ಸವೆದೇ ಇರುತ್ತೆ, ನೋವು ಮಾತ್ರ ಬೇರೆ ಲೆಕ್ಕ ಹಿಡಿಯುತ್ತೆ ಅಂತ ಅಷ್ಟೆ.

ಮುಲುಂಡ್ ಮೌಶಿ

ನಮ್ಮ ಯಜಮಾನರಿಗೆ ಮಂಡಿ ಬದಲಾಯಿಸಿದೆ. ಪೂರ್ತಿ ಸವೆದು ಕಾಲು ಬಿಲ್ಲಾಗಿತ್ತು. ಈಗ ದಿನಾ ಗಾರ್ಡನ್‌ಗೆ ಹೋಗಿ ಇಸ್ಪೀಟು ಆಡಿ ಬರುತ್ತಾರೆ. ಹಾಗಾಗಿ ಸರ್ಜರಿಯೇ ಕೆಟ್ಟದ್ದು ಅಂತ ಯಾರೂ ಓದಿಕೊಳ್ಳಬೇಡಿ.

ಫಿಸಿಯೊ ಬೋರಿವಲಿ

ಮೌಶಿ ಹೇಳಿದ್ದು ಬೇಕಿತ್ತು. ದುರ್ಬೀನಿನಲ್ಲಿ ತೊಳೆಯುವುದೇ ಬೇರೆ, ಕೀಲು ಬದಲಿಸುವುದೇ ಬೇರೆ. ಪೂರ್ತಿ ಸವೆದವರಿಗೆ ಎರಡನೆಯದು ನಿಜಕ್ಕೂ ಉಪಕಾರ.

ಸೆಂಟ್ರಲ್ ಲೈನ್ ಅಕ್ಕ

ಫಲಿತಾಂಶ ಬಂತು. ಪೋಚಾ ಈಗ ಯಜಮಾನರ ಕೈಯಲ್ಲಿ. ಕೋಲಿನದು ತಂದುಕೊಟ್ಟೆ, ಸೋಫಾ ಕೆಳಗೆ ಹೋಗುವುದಿಲ್ಲ ಅವರು, ಅದು ಬೇರೆ ಮಾತು. ಭಾನುವಾರದ ಏಳು ಎಂಟು ನಾಲ್ಕಕ್ಕೆ ಬಂತು. ಸೊನ್ನೆ ಆಗಲಿಲ್ಲ. ಮ್ಯಾನೇಜರ್ ರಜೆ ಹಾಕಿದ ವಾರ ಮಾತ್ರ ಎರಡು.

ರಾತ್ರಿಯ ಅಭ್ಯಾಸ ನಡೆದಿದೆ. ನಿದ್ದೆ ಮೊದಲಿಗಿಂತ ಚೆನ್ನಾಗಿದೆ. ನೋವಿನ ಮಾತ್ರೆ ಡಾಕ್ಟರನ್ನೇ ಕೇಳಿ ಕಡಿಮೆ ಮಾಡಿದೆ. ಸೇತುವೆ ಇಳಿಯುವಾಗ ಇನ್ನೂ ನೋಯುತ್ತೆ, ಆದರೆ ಮೊದಲ ಮೆಟ್ಟಿಲಲ್ಲೇ ಎದೆ ಹೊಡೆದುಕೊಳ್ಳುವುದು ನಿಂತಿದೆ. ಹಿಂದಿನಿಂದ ತಳ್ಳುವವರಿಗೆ ‘ಮುಂದೆ ಹೋಗಿ’ ಅಂತ ಹೇಳಿ ಕಂಬಿ ಪಕ್ಕ ನಿಂತುಬಿಡುತ್ತೇನೆ. ಮೊದಲು ಅದಕ್ಕೂ ನಾಚಿಕೆ.

ಥಾಣೆ ತರ್ಕ

ನಾಲ್ಕಕ್ಕೆ ಇಳಿಸಿದ್ದು ಪೋಚಾ. ಬರೆದುಕೊಳ್ಳಿ.

ವಾಸ್ಕೊ ವಾಸಿ

ಎರಡಕ್ಕೆ ಇಳಿಸಿದ್ದು ಮ್ಯಾನೇಜರ್. ಅದನ್ನೂ ಬರೆದುಕೊಳ್ಳಿ.

ಸೆಂಟ್ರಲ್ ಲೈನ್ ಅಕ್ಕ

ಯಾರು ಗೆದ್ದರೂ ನನಗೆ ಒಂದೇ. ಫಿಸಿಯೊ ಮೇಡಂ, ಮಳೆಗಾಲದಲ್ಲಿ ನಡಿಗೆ ಎಲ್ಲಿ ಮಾಡಲಿ? ನಮ್ಮ ರಸ್ತೆಯಲ್ಲಿ ಹೊಂಡವೇ ಜಾಸ್ತಿ.

ಫಿಸಿಯೊ ಬೋರಿವಲಿ

ಸೊಸೈಟಿಯ ಪಾರ್ಕಿಂಗ್‌ನಲ್ಲಿ, ಚಪ್ಪಲಿ ಬಿಟ್ಟು ಶೂ ಹಾಕಿ. ಒಟ್ಟಿಗೆ ಅರ್ಧ ಗಂಟೆ ಬೇಡ, ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ. ಹೋಟೆಲ್ ಅಣ್ಣ, ನಿಮ್ಮವರು ಹೇಗಿದ್ದಾರೆ? ತೋರಿಸಿದಿರಾ?

ವಾಶಿ ಹೋಟೆಲ್

ತೋರಿಸಿದೆವು ಮೇಡಂ. ಅವರದು ಸವೆತ ಜಾಸ್ತಿ ಅಂದರು. ಈಗ ನೀರು, ಬಿಲ್ಲು ಮಾತ್ರ ಅವರಿಗೆ, ದೋಸೆ ಹೊರುವುದು ಹುಡುಗರಿಗೆ. ಕೂರಲು ಗಲ್ಲಾ ಪಕ್ಕ ಎತ್ತರದ ಸ್ಟೂಲ್ ಹಾಕಿಸಿದೆ. ನೀವು ಹೇಳಿದ ಕುರ್ಚಿಯಿಂದ ಏಳುವ ವ್ಯಾಯಾಮವನ್ನು ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ಮಾಡುತ್ತಾರೆ, ಆಗ ಗಿರಾಕಿ ಕಡಿಮೆ. ಒಂದೇ ತೊಂದರೆ, ಅವರು ನೀರು ಕೊಡಲು ಎದ್ದರೆ ಸಾಕು, ಪಾರ್ಸೆಲ್‌ಗೆ ಕಾಯುವವರು ಬಂದು ಆ ಸ್ಟೂಲ್ ಮೇಲೆ ಕೂತುಬಿಡುತ್ತಾರೆ. ‘ಏಳಿ’ ಅಂತ ಗಿರಾಕಿಗೆ ಹೇಗೆ ಹೇಳಲಿ?

ಮುಲುಂಡ್ ಮೌಶಿ

ಇನ್ನೊಂದು ಸ್ಟೂಲ್ ತನ್ನಿ ಮಾರಾಯರೇ, ಎಷ್ಟು ಜಿಪುಣತನ!